ವಿಷಯ: ರಬ್ಬರ್ ಶೀಟಿನ ಯಂತ್ರಕ್ಕೆ ಹಾಕಲಾದ ನನ್ನ ಕೋಟಿನ ಕುರಿತು

ಮಾನ್ಯ ಓದುಗರಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ನಾನು ಈವರೆಗೆ ಅರ್ಜಿಗಳನ್ನಲ್ಲದೆ ಬೇರೇನನ್ನೂ ಬರೆದವಳಲ್ಲ. ತಪ್ಪಿದ್ದಲ್ಲಿ ಮನ್ನಿಸಬೇಕು. ಆದರೆ ಬಟ್ಟೆ ಹೊಲಿಯುವ ವಿದ್ಯೆಯ ಬಗ್ಗೆ ಹಗುರವಾಗಿ ಆಡಿದ ಮಾತು ಎಲ್ಲಿಯವರೆಗೆ ಹೋಗಬಹುದೆಂಬುದನ್ನು ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಮ್ಮ ಮನೆ ಅಳದಂಗಡಿಯಿಂದ ಒಳಗೆ. ಅಪ್ಪ ತೀರಿಕೊಂಡ ಮೇಲೆ ರಬ್ಬರ್ ತೋಟವನ್ನೂ ಅಮ್ಮನನ್ನೂ ನನ್ನನ್ನೂ ನೋಡಿಕೊಳ್ಳುತ್ತಿದ್ದವನು ಅಣ್ಣ. ನಾನು ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಫ್ಯಾಶನ್ ಡಿಸೈನ್ ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದೆ. ಸ್ವಂತ ವಿನ್ಯಾಸದ ಒಂದು ಉಡುಪನ್ನು ಪರೀಕ್ಷೆಗೆ ಒಪ್ಪಿಸತಕ್ಕದ್ದು; ಒಪ್ಪಿಸದಿದ್ದಲ್ಲಿ ಪದವಿಯಿಲ್ಲ. ಕೈಮಗ್ಗದ ಹತ್ತಿಬಟ್ಟೆಯಲ್ಲಿ ನೆರಿಗೆಯಿಟ್ಟು ಉದ್ದನೆಯ ಕೋಟೊಂದನ್ನು ಹೊಲಿದಿದ್ದೆ. ಅಂಚಿನ ಕೈಹೊಲಿಗೆ ಬಾಕಿಯಿದ್ದುದರಿಂದ ಅದನ್ನು ಮನೆಗೆ ತಂದಿದ್ದೆ.

ಆ ಭಾನುವಾರ ಬಂಟ್ವಾಳದ ಕಡೆಯಿಂದ ಗಂಡಿನವರು ನನ್ನನ್ನು ನೋಡಲು ಬಂದರು. ಅಣ್ಣ ಬೆಳಗ್ಗೆಯೇ ತನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದ್ದ. ಕಾಲರು ಸರಿ ಕೂರಲಿಲ್ಲವೆಂದು ಬಿಚ್ಚಿ ಮತ್ತೊಮ್ಮೆ ಹಾಕಿದ್ದ. ಹುಡುಗನ ಸೋದರಮಾವ ಚಾ ಕುಡಿಯುತ್ತಾ ನನ್ನ ಓದಿನ ಬಗ್ಗೆ ವಿಚಾರಿಸಿದರು. ತಿಳಿಸಿದೆ.

"ಹಾಗಾದರೆ ದರ್ಜಿ ಕೆಲಸ," ಎಂದು ಅವರು ನಕ್ಕರು. "ಅದಕ್ಕೆ ಕಾಲೇಜು ಯಾಕೆ ಮಾರಾಯ್ತಿ? ನಮ್ಮ ಪೇಟೆಯ ಟೈಲರ್ ಒಂದು ಮಳೆಗಾಲದಲ್ಲಿ ಕಲಿಸಿಕೊಡ್ತಾನೆ."

"ಅದನ್ನೂ ಕಲಿತಿದ್ದೇನೆ ಮಾವ," ಎಂದೆ. "ನಿಮ್ಮ ಅಂಗಿಯ ಎಡಭುಜ ಇಳಿದುಂಟು. ಬಿಚ್ಚಿ ಕೊಟ್ಟರೆ ನೀವು ಚಾ ಕುಡಿದು ಮುಗಿಸುವುದರೊಳಗೆ ಸರಿ ಮಾಡಿ ಕೊಡ್ತೇನೆ."

ಹುಡುಗನಿಗೆ ನಗು ಬಂತು. ಮಾವನಿಗೆ ಬರಲಿಲ್ಲ. ಅವರು ಭುಜವನ್ನೊಮ್ಮೆ ಮುಟ್ಟಿ ನೋಡಿಕೊಂಡು, ಬಡಿಸಿದ ತಿಂಡಿಯನ್ನು ಹಾಗೆಯೇ ಬಿಟ್ಟು ಎದ್ದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಕಾರು ತಿರುವು ದಾಟುವವರೆಗೆ ಅಣ್ಣ ಅಂಗಳದಲ್ಲಿ ಕೈಮುಗಿದು ನಿಂತಿದ್ದ. ಒಳಗೆ ಬಂದವನು ನನ್ನ ಕೆನ್ನೆಗೆ ಹೊಡೆದ. ನಾನು ಗೋಡೆಗೆ ಬಿದ್ದೆ. ಜಡೆ ಹಿಡಿದು ಎಬ್ಬಿಸಿ ಇನ್ನೊಮ್ಮೆ ಹೊಡೆದ. ಬಾಯಿಯೊಳಗೆ ರಕ್ತದ ರುಚಿ ಬಂತು. ಬಳಿಕ ಮೊಳೆಯಲ್ಲಿ ತೂಗುಹಾಕಿದ್ದ ಕೋಟನ್ನು ಕಿತ್ತುಕೊಂಡು ಹಿತ್ತಲಿನ ಶೆಡ್ಡಿಗೆ ನಡೆದ. ಗಟ್ಟಿಯಾದ ರಬ್ಬರ್ ಹಾಲನ್ನು ಒತ್ತಿ ಹಾಳೆ ಮಾಡುವ ಯಂತ್ರ ಅಲ್ಲಿದೆ: ಎರಡು ಕಬ್ಬಿಣದ ಉರುಳುಗಳು, ತಿರುಗಿಸಲು ಒಂದು ಚಕ್ರ.

"ನಿನ್ನ ಡಿಗ್ರಿ ಇವತ್ತಿಗೆ ಮುಗಿಯಿತು, ನೋಡು," ಎಂದು ಕೋಟಿನ ತೋಳನ್ನು ಉರುಳುಗಳ ನಡುವೆ ತುರುಕಿದ.

ಅದು ಚಿಂದಿಯಾಗುತ್ತದೆಂದು ಅವನು ಎಣಿಸಿದ್ದ. ರಬ್ಬರ್ ಜಾರಿ ಆಚೆ ಬರುತ್ತದೆ. ಬಟ್ಟೆ ಹಾಗಲ್ಲ, ಸುತ್ತಿಕೊಂಡು ಬಿಗಿಯುತ್ತದೆ. ಚಕ್ರ ನಿಂತಿತು. ಅವನು ಮೈಭಾರ ಬಿಟ್ಟು ಎಳೆದ. ನಾನು ಅಂಚನ್ನು ಹಿಡಿದು ಜಗ್ಗಿದೆ. ನೆರಿಗೆ ಬಲಗೈಗೆ ಸುತ್ತಿಕೊಂಡು ಎರಡು ಬೆರಳುಗಳು ಒಳಗೆ ಹೋದವು.

"ಅಣ್ಣಾ, ಕೈ! ಹಿಂದಕ್ಕೆ ತಿರುಗಿಸು!"

ಅವನು ನನ್ನ ಕೈಯನ್ನು ನೋಡಿದ. ಇದನ್ನು ಸಾಕಷ್ಟು ಯೋಚಿಸಿಯೇ ಬರೆಯುತ್ತಿದ್ದೇನೆ. ನೋಡಿದ ಮೇಲೆ ಮತ್ತೊಂದು ಸುತ್ತು ಮುಂದಕ್ಕೇ ತಿರುಗಿಸಿದ. ಒಣ ಬಿದಿರನ್ನು ಮೆಟ್ಟಿದಂಥ ಸದ್ದು ಕೇಳಿತು. ಅದು ನನ್ನ ಎಲುಬಿನದೆಂದು ತಿಳಿಯಲು ತಡವಾಯಿತು. ಅಮ್ಮ ಓಡಿಬಂದು ಅವನ ಮುಂಗೈಯನ್ನು ಕಚ್ಚಿ ಬಿಡಿಸಿ, ಚಕ್ರವನ್ನು ಹಿಂದಕ್ಕೆ ತಿರುಗಿಸಿದಳು.

ಬೆಳ್ತಂಗಡಿಯ ಆಸ್ಪತ್ರೆಯಲ್ಲಿ ಅಣ್ಣನೇ ಮುಂದೆ ನಿಂತು, "ಶೀಟ್ ಒತ್ತುವಾಗ ಸಿಕ್ಕಿಕೊಂಡದ್ದು ಡಾಕ್ಟ್ರೇ," ಎಂದ.

"ಅಲ್ಲ," ಎಂದೆ. "ನನ್ನ ಪರೀಕ್ಷೆಯ ಕೋಟು ಎಳೆಯುವಾಗ. ತಿರುಗಿಸಿದ್ದು ಇವನು."

ಹೇಳಿಕೆ ಪಡೆಯಲು ಮಹಿಳಾ ಪೊಲೀಸರೊಬ್ಬರು ಬಂದರು. "ಒಂದು ಕೋಟಿನ ವಿಷಯಕ್ಕೆ ಅಣ್ಣನ ಮೇಲೆ ಕೇಸು ಬೇಕಾ ತಂಗಿ? ಯೋಚನೆ ಮಾಡಿ ಹೇಳಿ," ಎಂದರು.

ಒಂದು ಕೋಟು. ಈ ಮಾತಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಸಲ್ಲಿಸುತ್ತಿದ್ದೇನೆ. ಬಟ್ಟೆಯಲ್ಲಿ ಏನೂ ಇಲ್ಲವಾದರೆ ಅಣ್ಣ ಆ ದಿನ ಕಾಲರಿಗೆ ಎರಡು ಸಲ ಇಸ್ತ್ರಿ ಹಾಕಿದ್ದೇಕೆ? ಇಳಿದ ಭುಜದ ಒಂದು ಮಾತಿಗೆ ಹಿರಿಯರೊಬ್ಬರು ಬಡಿಸಿದ ತಿಂಡಿ ಬಿಟ್ಟು ಎದ್ದು ಹೋದದ್ದೇಕೆ? ನನ್ನನ್ನು ಮುರಿಯಬೇಕೆಂದು ಹೊರಟವನು ಪುಸ್ತಕಗಳನ್ನು ಬಿಟ್ಟು ಕೋಟನ್ನೇ ಹುಡುಕಿದ. ಮನುಷ್ಯರು ತಮ್ಮ ಮಾನವನ್ನು ಎಲ್ಲಿ ಇಟ್ಟಿದ್ದಾರೋ ಅಲ್ಲಿ ಕೆಲಸ ಮಾಡುವ ವಿದ್ಯೆ ಇದು. ಇದನ್ನು ಕ್ಷುಲ್ಲಕವೆನ್ನುವವರು ಒಂದು ದಿನ ಹರಿದ ಅಂಗಿಯಲ್ಲಿ ಮದುವೆಮನೆಗೆ ಹೋಗಿ ಬರಲಿ ಎಂದು ವಿನಂತಿ.

"ಬರೆಯಿರಿ ಅಕ್ಕ," ಎಂದು ಎಡಗೈಯಲ್ಲಿ ಸಹಿ ಹಾಕಿದೆ.

ನಾನು ಮನೆಗೆ ಬಂದು ಬ್ಯಾಂಡೇಜು ಬಿಚ್ಚುವ ಮೊದಲೇ, ಒಂದು ಬೆಳಗ್ಗೆ ಅಣ್ಣ ನನ್ನ ಮಂಚದ ಬಳಿಗೆ ಬಂದ. ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಕಂಪ್ಲೇಂಟ್ ವಾಪಸ್ ತೆಗೆದುಕೋ. ಕಾಲೇಜಿಗೆ ಕಳಿಸ್ತೇನೆ."

"ಕಳಿಸಲಿಕ್ಕೆ ನೀನು ಯಾರು?"

ಅವನ ಕೈ ಮೇಲೆದ್ದಿತು. ನಾನು ಕದಲಲಿಲ್ಲ. ಅಮ್ಮನ ಹಲ್ಲಿನ ಗಾಯ ಆ ಮುಂಗೈಯಲ್ಲಿ ಇನ್ನೂ ಕಪ್ಪಾಗಿತ್ತು.

"ಹೊಡೆಯುವುದಾದರೆ ಈಗಲೇ ಹೊಡಿ," ಎಂದೆ. "ಹತ್ತು ಗಂಟೆಗೆ ನನಗೆ ಮೂಡುಬಿದಿರೆಗೆ ಬಸ್ಸು ಉಂಟು. ಎಡಗೈಯಲ್ಲಿ ಕತ್ತರಿ ಹಿಡಿಯಲು ಕಲಿಯಬೇಕು."