ಸೀಸ ಕುಡಿದ ಇದ್ದಿಲು

ಕೊಳ್ಳೇಗಾಲದ ಅಂಗಡಿಯಲ್ಲಿ ಮೊನ್ನೆ ಇದ್ದಿಲಿನ ಟೂತ್‌ಪೇಸ್ಟ್ ಕಂಡೆ. ಅಂಗಡಿಯವರು ಹೊಸ ಮಾಲು ಎಂದು ಹೊಗಳುತ್ತಿದ್ದರೆ ನನಗೆ ಒಳಗೊಳಗೇ ನಗು. ಅಗರದ ನನ್ನ ಸೋದರಮಾವ ಎಪ್ಪತ್ತು ದಾಟಿದರೂ ಒಲೆಯ ಇದ್ದಿಲು, ಉಪ್ಪು ಬಿಟ್ಟು ಬೇರೇನನ್ನೂ ಹಲ್ಲಿಗೆ ತಾಕಿಸಿದವರಲ್ಲ. ಕಬ್ಬನ್ನು ಈಗಲೂ ಹಲ್ಲಲ್ಲೇ ಸಿಗಿಯುತ್ತಾರೆ. ಆ ಬಾಯಿಗೆ ನಾನೊಮ್ಮೆ ತಂದಿಟ್ಟ ಗಂಡಾಂತರದ ಕತೆ ಹೇಳುತ್ತೇನೆ, ಕೇಳಿ.

ಎಂ.ಎಸ್ಸಿ. ಓದುವಾಗ ನನ್ನ ಪ್ರಾಜೆಕ್ಟು ತೆಂಗಿನ ಕರಟದ ಇದ್ದಿಲಿನಿಂದ ನೀರಿನಲ್ಲಿರುವ ಸೀಸ ತೆಗೆಯುವುದು. ಮೈ ಸೇರಿದರೆ ಸುಲಭಕ್ಕೆ ಬಿಡದ ವಿಷ ಅದು. ಮಾವನ ಮನೆಯಲ್ಲೇ ಠಿಕಾಣಿ ಹೂಡಿದ್ದೆ. ಅತ್ತೆ ಕಾಯಿ ಒಡೆದಷ್ಟೂ ನನಗೆ ಲಾಭ. ಆ ತಿಂಗಳು ಕಾಯಿಚಟ್ನಿ ತಪ್ಪಿದ ದಿನವಿಲ್ಲ. ಕರಟ ಸುಟ್ಟು, ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು ಕೊಳ್ಳೇಗಾಲದ ಲ್ಯಾಬಿಗೆ ಒಯ್ಯುತ್ತಿದ್ದೆ. ಅಲ್ಲಿ ಸೀಸ ಬೆರೆಸಿದ ನೀರಿಗೆ ಹಾಕಿ ಕಲಕಿ ಸೋಸಿದರೆ, ಸೀಸ ನೀರು ಬಿಟ್ಟು ಇದ್ದಿಲಿಗೆ ಅಂಟಿಕೊಳ್ಳುತ್ತಿತ್ತು. ಕಣ್ಣಿಗೆ ಮಾತ್ರ ಏನೂ ಕಾಣದು.

ಲ್ಯಾಬಿನ ಓವನ್ ಕೆಟ್ಟಿತ್ತು. ಜಾಣೆ ನಾನು, ಸೋಸಿ ಉಳಿದ ಒದ್ದೆ ಇದ್ದಿಲನ್ನು ಡಬ್ಬಿಯಲ್ಲಿ ತಂದು ಮಾವನ ತಾರಸಿಯ ಮೇಲೆ ತಟ್ಟೆಯಲ್ಲಿ ಒಣಹಾಕಿದೆ. ಸಂಜೆ ಅವರ ಮುಂದೆ ಕೊಚ್ಚಿಕೊಂಡದ್ದೂ ಕೊಚ್ಚಿಕೊಂಡದ್ದೇ, ಈ ಪುಡಿ ಹಾಕಿದರೆ ನೀರಿನ ವಿಷ ಮಾಯ ಅಂತ. ಮಾವ ತಲೆದೂಗಿದರು.

ಬೆಳಿಗ್ಗೆ ನೋಡಿದರೆ ಮಾವ ಬಚ್ಚಲ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಅಂಗೈಯಲ್ಲಿ ತಾರಸಿಯ ತಟ್ಟೆಯಿಂದ ತಂದ ನನ್ನ ಪುಡಿ, ಅದಕ್ಕೊಂದು ಚಿಟಿಕೆ ಉಪ್ಪು. ಬೆರಳು ತುಟಿಯತ್ತ ಹೊರಟಿದೆ. ಓಡಿಹೋಗಿ ಆ ಕೈಗೆ ರಪ್ಪನೆ ಹೊಡೆದೆ. ಮಾವ ಬಂದರೆ ಎಲ್ಲರೂ ಎದ್ದು ನಿಲ್ಲುವ ಮನೆ ಅದು. ಅತ್ತೆ ಪೊರಕೆ ಹಿಡಿದವರು ಹಾಗೇ ನಿಂತರು.

ಪುಣ್ಯಕ್ಕೆ ಬಾಯೊಳಗೆ ಹೋಗಿರಲಿಲ್ಲ. ಆದರೂ ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ನೋಡಿದೆ, ಕೈಯನ್ನು ಸೋಪು ಹಾಕಿ ಮತ್ತೆ ಮತ್ತೆ ತೊಳೆಸಿದೆ. ಆಮೇಲೆ ನನಗೆ ಅಳು ಬಂತು. ವಿಷವೆಲ್ಲ ಈ ಪುಡಿಯಲ್ಲೇ ಇದೆ ಮಾವ ಎಂದೆ.

ಅವರು ಬೈಯಲಿಲ್ಲ. ಟವಲಿಗೆ ಕೈ ಒರೆಸಿಕೊಳ್ಳುತ್ತಾ, "ನೀರಿಂದ ವಿಸ ಓಯ್ತು ಅಂದೆ, ಸರಿ ಕೂಸೇ. ಎಲ್ಗೋಯ್ತು ಅಂತ ಏಳ್ನೇ ಇಲ್ವಲ್ಲ?" ಎಂದರು.

ನನ್ನ ಗೈಡೂ ಕೇಳಿರದ ಪ್ರಶ್ನೆ. ಚೆಲ್ಲಿದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಬಳಿದು, ತಟ್ಟೆ ಸಮೇತ ಲ್ಯಾಬಿಗೆ ವಾಪಸು ಒಯ್ದು, ಬಾಟಲಿಗೆ ಹಾಕಿ, ದಪ್ಪ ಅಕ್ಷರದಲ್ಲಿ 'ವಿಷ' ಎಂದು ಬರೆದೆ. ಮಾವ ಮಾತ್ರ ಊರೆಲ್ಲ ಹೇಳಿಕೊಂಡು ಬಂದರು, ನಮ್ಮ ಕೂಸು ಕಾಲೇಜು ಓದಿ ನನಗೇ ಏಟು ಹಾಕಿದಳು ಅಂತ.

ಈಗ ನಾನೇ ಗೈಡು. ನಿನ್ನೆ ಹನೂರಿನ ಹುಡುಗಿಯೊಬ್ಬಳು ಹಿಪ್ಪುನೇರಳೆ ಕಡ್ಡಿಯ ಇದ್ದಿಲಿನ ವರದಿ ತಂದಿದ್ದಳು. ನೀರು ಶುದ್ಧವಾಯಿತು ಎಂದು ಮುಗಿಸಿದ್ದಳು. ಹಾಗಾದರೆ ಸೀಸ ಎಲ್ಲಿ ಎಂದು ಕೇಳಿದೆ.

"ಒಂಟೋಯ್ತಲ್ಲ ಮೇಡಂ."

"ಎಲ್ಲಿಗೆ?"

ವರದಿಯನ್ನು ಅವಳ ಕೈಗೇ ವಾಪಸು ಕೊಟ್ಟೆ.

"ಅದನ್ನ ಬರೆದು ತಾಮ್ಮ. ಒಂದು ಸಲ ಅದು ನಮ್ಮ ಮಾವನ ಬಾಯಿಗೆ ಹೊರಟಿತ್ತು."