ಮೈಕಿನ ಈರಣ್ಣನ ಕಿವಿ

ಯಾರ ಮನೆಗೆ ಮೈಕ್ ಕಟ್ಟಲು ಹೋದರೂ ಈರಣ್ಣ ಮೊದಲು ಪಡಸಾಲೆಯ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ಹೊಡೆಯುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ, ತಲೆ ತುಸು ಓರೆ ಮಾಡಿ, ಆ ಸದ್ದು ಎಲ್ಲೆಲ್ಲಿ ಹೋಗಿ ಬರುತ್ತದೆಂದು ಕೇಳುತ್ತಿದ್ದರು. "ಈ ಮನಿ ಭಾಳ ಮಾತಾಡ್ತೈತ್ರಿ, ಒಂದು ಸ್ಪೀಕರ್ ಪೆಟಿಗಿ ಸಾಕು" ಎಂದೋ, "ಇಲ್ಲಿ ಗ್ವಾಡಿ ಎಲ್ಲಾ ನುಂಗ್ತಾವು, ಎರಡು ಬೇಕ್ರಿ" ಎಂದೋ ಹೇಳಿ ಕೆಲಸಕ್ಕೆ ಕೈಹಚ್ಚುತ್ತಿದ್ದರು.

ಕುಷ್ಟಗಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಕೆಳಗೇ ಅವರ ಮೈಕಿನ ಅಂಗಡಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಅವರು ನನ್ನನ್ನು 'ಅಕ್ಕಾರ' ಎನ್ನುತ್ತಿದ್ದರು. ಮೈಕಿನ ಅಂಗಡಿಯ ಮೇಲೆ ಮನೆ ಹಿಡಿದರೆ ಕಿವಿ ಹೋದಂತೆಯೇ ಎಂದು ಹೆದರಿಸಿದವರಿದ್ದರು. ಆದರೆ ಈರಣ್ಣನಷ್ಟು ಮೆಲ್ಲಗೆ ಹಾಡು ಹಚ್ಚುವವರು ಆ ಓಣಿಯಲ್ಲೇ ಇರಲಿಲ್ಲ. ಕನಕಗಿರಿಯ ಒಂದು ಮದುವೆಯಲ್ಲಿ ವರನ ಗೆಳೆಯರು ಸೌಂಡ್ ಹೆಚ್ಚಿಸಿ ಎಂದು ಬೆನ್ನುಹತ್ತಿದಾಗ, ಇವರು ಆಂಪ್ಲಿಫೈಯರಿನ ತಿರುಗಣೆಯನ್ನೇ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ಊಟದ ಪಂಕ್ತಿಯಲ್ಲಿ ಕುಳಿತುಬಿಟ್ಟರಂತೆ. "ಜೋರು ಅಂದ್ರ ಛಲೋ ಅಲ್ರಪಾ. ಒಳಗ ಬಾಣಂತಿ ಕೂಸು ಮಲಗೈತಿ" ಎಂದು ಎರಡನೇ ಸಲ ಸಾರು ಹಾಕಿಸಿಕೊಂಡರಂತೆ.

ನನಗೆ ಸಂಗೀತದ ಹುಚ್ಚು. ಒಂದು ವರ್ಷ, ನನಗೆ ನಾನೇ ಒಂದು ಉಡುಗೊರೆ ಕೊಟ್ಟುಕೊಳ್ಳಬೇಕೆಂದು ಕುಳಿತಾಗ ಎರಡರ ನಡುವೆ ಸಿಕ್ಕಿಬಿದ್ದೆ. ಒಂದು, ಹಿಂಬದಿಗೆ ಜಾಲರಿ ಇರುವ, ಗಾಳಿ ಆಡುವ ತೆರೆದ ಹೆಡ್‌ಫೋನು. ಇನ್ನೊಂದು, ಕಿವಿಯೊಳಗೆ ಇಳಿಸಿಕೊಳ್ಳುವ, ವೇದಿಕೆಯ ಗಾಯಕರು ಹಾಕಿಕೊಳ್ಳುತ್ತಾರಲ್ಲ, ಆ ಇನ್-ಇಯರ್ ಮಾನಿಟರು. ಇಂಟರ್‌ನೆಟ್ಟಿನಲ್ಲಿ ಓದಿದಷ್ಟೂ ತಲೆ ಕೆಟ್ಟಿತು. ಕಡೆಗೆ ಈರಣ್ಣನನ್ನು ಕೇಳಿದೆ.

"ಎರಡೂ ತರಸ್ರಿ ಅಕ್ಕಾರ. ಹತ್ತು ದಿನದಾಗ ಒಂದು ವಾಪಸ್ ಕಳಿಸಿದ್ರಾತು. ಇಂಥಾವು ಮಂದಿ ಮಾತು ಕೇಳಿ ತಗೋಬಾರ್ದು, ಹಾಡು ಕೇಳಿ ತಗೋಬೇಕು."

ಎರಡೂ ಬಂದವು. ಈರಣ್ಣ ತೆರೆದ ಹೆಡ್‌ಫೋನು ಹಾಕಿಕೊಂಡು ಅಂಗಡಿಯ ಮುಂದೆ ಕುಳಿತರೆ ಹಾಡು ಹೊರಗೂ ಸೋರುತ್ತಿತ್ತು. ಪಕ್ಕದಲ್ಲಿ ಕುಳಿತು ಚಹಾ ಕುಡಿಯುವವರೂ ತಲೆದೂಗುತ್ತಿದ್ದರು. ಅದು ಅವರಿಗೆ ಬಲು ಇಷ್ಟವಾಯಿತು. ಕಿವಿಯೊಳಗಿನದು ಹಿಡಿಸಲಿಲ್ಲ. "ನೆಲದಾಗಿನ ಜ್ವಾಳದ ಹಗೇದಾಗ ಇಳದಂಗ ಆಕ್ಕೈತ್ರಿ. ಮ್ಯಾಲೆ ಯಾರು ಅದಾರ, ಯಾರು ಹೋಗ್ಯಾರ, ಒಂದೂ ತಿಳಿಯಂಗಿಲ್ಲ."

ಆದರೂ ಅದನ್ನೂ ಪರೀಕ್ಷಿಸದೆ ಬಿಡುವ ಮನುಷ್ಯ ಅವರಲ್ಲ. ನಾಲ್ಕನೇ ದಿನ ಮಧ್ಯಾಹ್ನ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. "ಅಕ್ಕಾರ, ಇದನ್ನೊಂದೀಟು ಕೇಳ್ರಿ. ಇದ್ರಾಗ ಇನ್ನೊಬ್ರು ಯಾರೋ ಅದಾರ."

ಅದು ಅವರ ತಾಯಿ ಹಾಡಿದ ಬೀಸುಕಲ್ಲಿನ ಪದ. ಹರೆಯದಲ್ಲಿ ಮೊದಲ ಟೇಪ್ ರೆಕಾರ್ಡರ್ ಕೊಂಡ ದಿನ ತುಂಬಿಕೊಂಡದ್ದು. ತಾಯಿ ತೀರಿ ಎಷ್ಟೋ ವರ್ಷಗಳಾಗಿದ್ದವು. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ, ಅಲ್ಲಿಂದ ಫೋನಿಗೆ ಆ ಪದವನ್ನು ಜೋಪಾನವಾಗಿ ದಾಟಿಸಿಕೊಂಡು ಬಂದಿದ್ದರು. ನಾನು ಕಿವಿಗೆ ಇಳಿಸಿಕೊಂಡು ಕೇಳಿದೆ. ಕಲ್ಲಿನ ಗುಡುಗುಡು, ಅದರ ಮೇಲೆ ತಾಯಿಯ ದನಿ. ಪ್ರತಿ ಸಾಲಿನ ತುದಿಯಲ್ಲಿ, ಕಲ್ಲಿನ ಸದ್ದಿನ ಅಡಿಯಿಂದ, ಎಳೆಯ ದನಿಯೊಂದು ಮೆಲ್ಲಗೆ ಬಂದು ಸೇರಿಕೊಳ್ಳುತ್ತಿತ್ತು.

"ನಲವತ್ತು ವರ್ಷದ ಮ್ಯಾಲಾತು ಇದನ್ನ ಕೇಳಾಕ ಹತ್ತಿ. ಅವ್ವ ಒಬ್ಬಾಕಿನ ಹಾಡ್ಯಾಳ ಅಂತ ತಿಳದಿದ್ನಿ" ಎಂದು ಈರಣ್ಣ ನನ್ನ ಮೆಟ್ಟಿಲ ಮೇಲೇ ಕುಳಿತುಬಿಟ್ಟರು.

ಆ ಭಾನುವಾರ ಇಬ್ಬರೂ ಯಲಬುರ್ಗಾ ಬಸ್ಸು ಹತ್ತಿದೆವು. ಅಲ್ಲಿ ಅವರ ತಂಗಿ ಗಂಗವ್ವ ಇದ್ದರು. ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವವರು. ತಾಯಿಯ ಜೊತೆ ಯಾರು ಬೀಸುತ್ತಿದ್ದರೆಂದು ಅವರಿಗೆ ನೆನಪಿರಬಹುದು ಎಂದು ಈರಣ್ಣನ ಆಸೆ. ಯಾವುದು ಅವರ ಕಿವಿಗೆ ಒಗ್ಗುವುದೋ ಎಂದು ಎರಡನ್ನೂ ಚೀಲಕ್ಕೆ ಹಾಕಿಕೊಂಡಿದ್ದೆ.

ಗಂಗವ್ವ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. "ಇದೇನು ಕಿವಿಗೆ ಬೆಣಿ ಬಡದಂಗ" ಎಂದು ಗೊಣಗಿದರೂ ಅಣ್ಣ ಇಯರ್‌ಫೋನು ಹಾಕಲು ಬಿಟ್ಟರು. ಸ್ವಲ್ಪ ಹೊತ್ತಿಗೆ ಕೈ ನಿಂತಿತು. ಇಯರ್‌ಫೋನು ತೆಗೆದರು.

"ಅದು ನಾನಣ್ಣ."

"ನೀನ? ನೀ ಹಾಡಿದ್ದಿಲ್ಲಲ್ಲ?"

"ನೀನ ಬ್ಯಾಡ ಅಂದಿದ್ದಿ. ನಿನ್ನ ದನಿ ಒಡಕ ಕೊಡದಂಗ ಐತಿ, ರೆಕಾರ್ಡ್ ಕೆಡತೈತಿ, ಬಾಯಿ ಮುಚ್ಚಿ ಕಲ್ಲು ತಿರವು ಅಂದಿ. ಅವ್ವ ನನಗ ಕಣ್ಸನ್ನಿ ಮಾಡಿದ್ಲು, ಸಣ್ಣಗ ಹಾಡು ಅಂತ. ನೀ ಆ ಡಬ್ಬಿ ನೋಡ್ಕೋತ ಕುಂತಿದ್ದಿ, ನಿನಗ ತಿಳೀಲಿಲ್ಲ."

"ನಾ ಹಂಗ ಅಂದಿದ್ನೇನು?"

"ನೀ ಮರತಿ. ನಾ ಹೆಂಗ ಮರೀಲಿ? ಮುಂದ ನಾ ಎಲ್ಲೂ ಹಾಡಲಿಲ್ಲ."

ಊರಿನ ಎಲ್ಲ ಸದ್ದನ್ನೂ ತೂಗಿ ನೋಡುತ್ತಿದ್ದ ಆ ಮನುಷ್ಯ ಮೊರದಿಂದ ಒಂದು ಕಾಳು ಎತ್ತಿಕೊಂಡು ಬೆರಳಲ್ಲಿ ಹೊರಳಿಸುತ್ತಾ ಕುಳಿತರು. ಆಮೇಲೆ ಮೆಲ್ಲಗೆ, "ತಪ್ಪಾತವಾ ಗಂಗೀ. ಈಗ ಹಾಡ್ತೀ ಏನು?" ಎಂದರು.

ಗಂಗವ್ವ ತಲೆಯಾಡಿಸಿದರು, ಬೈದರು, ನನ್ನ ಮುಖ ನೋಡಿ ನಾಚಿದರು. ಕಡೆಗೆ ಇಯರ್‌ಫೋನು ಮತ್ತೆ ಹಾಕಿಕೊಂಡು, ತಾಯಿಯ ಪದದ ಜೊತೆ ಒಂದು ಸಾಲು ಎತ್ತಿದರು, ತಟ್ಟನೆ ನಿಲ್ಲಿಸಿ ಇಯರ್‌ಫೋನು ಕಿತ್ತರು. "ನನ್ನ ದನಿ ನನ್ನ ತಲ್ಯಾಗ ಡೊಳ್ಳು ಬಡದಂಗ ಆಕ್ಕೈತಿ." ಕಿವಿ ಮುಚ್ಚಿಕೊಂಡು ಹಾಡಿದರೆ ಹಾಗೇ ಆಗುವುದು. ನಾನು ತೆರೆದ ಹೆಡ್‌ಫೋನು ಕೊಟ್ಟೆ. ಈಗ ಅವರಿಗೆ ತಾಯಿಯ ದನಿಯೂ ಕೇಳುತ್ತಿತ್ತು, ಮನೆಯ ಸದ್ದೂ ಕೇಳುತ್ತಿತ್ತು, ತಮ್ಮ ದನಿಯೂ ಇದ್ದ ಹಾಗೇ ಕೇಳುತ್ತಿತ್ತು. ಗಂಗವ್ವ ಸಾಲಿನ ತುದಿಗಷ್ಟೇ ಅಲ್ಲ, ಮೊದಲಿಂದಲೇ ಸೇರಿಕೊಂಡರು. ನಮಗೆ ಹೆಚ್ಚಾಗಿ ಕೇಳುತ್ತಿದ್ದುದು ಅವರ ದನಿಯೇ. ತುಸು ಒರಟಾದ, ಬಿಸಿಲಲ್ಲಿ ಕಾದ ಅಂಗಳದಂಥ ದನಿ. ಪಕ್ಕದ ಮನೆಯವರು ಬಂದು ಬಾಗಿಲಲ್ಲಿ ನಿಂತರು. ಫೋನಿನಲ್ಲಿ ಪದ ಮುಗಿದ ಮೇಲೂ ಗಂಗವ್ವ ಹಾಡುತ್ತಲೇ ಇದ್ದರು.

ಹೆಡ್‌ಫೋನು ಅಲ್ಲೇ ಉಳಿಯಿತು. ಮಗಳ ಫೋನಿಗೆ ಹಚ್ಚಿಕೊಂಡು ದಿನಾ ಹಾಡುತ್ತಾರೆಂದು ಸುದ್ದಿ ಬರುತ್ತಿತ್ತು. ಕಿವಿಯೊಳಗಿನದು ನನ್ನದಾಯಿತು. ವಾಪಸ್ ಕಳಿಸುವ ಮಾತೇ ಬರಲಿಲ್ಲ.

ಈರಣ್ಣ ಈಗಿಲ್ಲ. ಎರಡು ವರ್ಷದ ಹಿಂದೆ ಹೃದಯ ನಿಂತು ಹೋಗಿಬಿಟ್ಟರು. ಅದಕ್ಕೆ ಮೂರು ತಿಂಗಳ ಮೊದಲು, ಗಂಗವ್ವನ ಮೊಮ್ಮಗಳ ಮದುವೆಯಲ್ಲಿ, ನಾನು ಅವರನ್ನು ಕಡೆಯದಾಗಿ ಕಂಡದ್ದು. ಅರಿಶಿಣ ಕುಟ್ಟುವಾಗ ಗಂಗವ್ವ ಮೈಕ್ ಹಿಡಿದು ಹಾಡುತ್ತಿದ್ದರು. ನಡುವೆ ಒಂದು ಸಾಲು ಮರೆತು ನಿಂತರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ಆಂಪ್ಲಿಫೈಯರಿನ ಹಿಂದಿನಿಂದ, ಮೈಕಿಲ್ಲದೆ, ಈರಣ್ಣ ಆ ಸಾಲನ್ನು ಹಾಡಿ ಕೊಟ್ಟರು. ಶ್ರುತಿ ಎಲ್ಲೋ, ಅವರೆಲ್ಲೋ. ಇಡೀ ಹಂದರ ನಕ್ಕಿತು. ಗಂಗವ್ವ ನಗುತ್ತಲೇ ಪದ ಮುಂದುವರಿಸಿದರು.

ಮದುವೆ ಮುಗಿದು ಅವರು ವೈರು ಸುತ್ತುತ್ತಿದ್ದಾಗ ಹತ್ತಿರ ಹೋಗಿ ಹೇಳಿದೆ: "ಈರಣ್ಣಾ, ಇಷ್ಟು ವರ್ಷ ನೀವು ಹಾಡಿದ್ದನ್ನ ನಾ ಒಮ್ಮೆಯೂ ಕೇಳಿರಲಿಲ್ಲ."

"ನನ್ನ ಕಿವಿ ಛಲೋ ಅದಾವಲ್ರಿ ಅಕ್ಕಾರ, ಅದಕ್ಕ ಹಾಡಿದ್ದಿಲ್ಲ" ಎಂದು ನಕ್ಕು, ವೈರಿನ ಮತ್ತೊಂದು ಸುತ್ತು ಮೊಣಕೈಗೆ ಎಳೆದುಕೊಂಡರು.