ನೀಲವ್ವಗ ಜಾಮೀನು ಸಿಕ್ಕ ದಿನ

ಎಮರ್ಜೆನ್ಸಿ ಮುಗದು ಒಂದೆರಡು ವರ್ಷ ಆಗಿತ್ತು. ಸವಣೂರಾಗ ವೀಳ್ಯದೆಲಿ ತೋಟದ ಕೂಲಿ ಮಾಡಿಕೊಂಡಿದ್ದ ನನಗ ಇನ್ನೊಂದು ಕೆಲಸ ಇತ್ತು. ತಾಲೂಕಿನ ಸಣ್ಣ ಜೈಲಿಗೆ ಹೆಣ್ಣಮಗಳು ಕೈದಿ ಆಗಿ ಬಂದ್ರ ನನ್ನ ಕರಸತಿದ್ರು. ಹೆಂಗಸರ ಖೋಲಿಗೆ ಗಂಡಸರು ಹೋಗೂ ಹಂಗಿಲ್ಲ ಅಂತ ಕಾಯ್ದೆ. ಆಕಿನ್ನ ತಪಾಸ ಮಾಡೂದು, ಆಕಿ ಕೂಡ ಒಳಗ ಮಲಗೂದು, ಕೋರ್ಟಿಗೆ ಕರಕೊಂಡು ಹೋಗೂದು ನನ್ನ ಕೆಲಸ. ಹೊರಗಿಂದ ಕೀಲಿ ಹಾಕತಿದ್ರು, ನನ್ನನ್ನೂ ಸೇರಿಸಿ.

“ಫಕೀರವ್ವ, ನೀ ಯಾವ ಗುನ್ನೆ ಮಾಡಿ ಬಂದೀ?” ಅಂತ ಕಾವಲಿನ ಪೊಲೀಸ ನಗತಿದ್ದ.

“ನಿನ್ನ ಕೈಯಾಗ ಕೀಲಿ ಕೊಟ್ಟಾರಲ್ಲ, ಗುನ್ನೆ ಅವರದು” ಅಂತಿದ್ದೆ.

ಒಂದು ದಿನ ಯಲವಿಗಿ ಕಡಿ ಹಳ್ಳಿಯಿಂದ ನೀಲವ್ವನ್ನ ತಂದ್ರು. ಸಣ್ಣ ವಯಸ್ಸು. ಗಂಡ ದುಡಿಯಾಕ ಗೋವಾಕ ಹೋಗಿದ್ದ. ಮಾವನ ಕೈಗೆ ಕುಡಗೋಲಿಲೆ ಹೊಡದಾಳ ಅಂತ ಕೇಸು. ಯಾಕ ಹೊಡದಿ ಅಂದ್ರ ಬಾಯಿ ಬಿಡಲಿಲ್ಲ, ಪೊಲೀಸರ ಮುಂದೂ ಇಲ್ಲ, ನನ್ನ ಮುಂದೂ ಇಲ್ಲ.

ಕೀಲಿ ಬಿದ್ದ ಸಪ್ಪಳ ಕೇಳಿದ್ರ ಬಾಕಿ ಹೆಣ್ಣಮಕ್ಕಳು ಅಳತಿದ್ರು. ಈಕಿ ಮಲಗಿದಾಕಿ ಬಿಸಲು ಏರೂತನಕ ಏಳಲಿಲ್ಲ. ಚಾ ತಂದು ಎಬ್ಬಿಸಿದೆ.

“ಇದೇನು ತವರಮನಿ ಅಂತ ತಿಳದಿಯೇನು, ಹಿಂಗ ಮಲಗಾಕ?”

“ಅಲ್ಲಿ ನನ್ನ ಖೋಲಿಗೆ ಚಿಲಕ ಇರಲಿಲ್ಲಕ್ಕಾ” ಅಂದ್ಲು.

ಗಂಡ ಇಲ್ಲದ ಮನ್ಯಾಗ ಆ ಮುದುಕ ಏನು ಮಾಡತಿದ್ದ ಅಂತ ತಿಳೀತು. ಕೋರ್ಟಿನ ಸಾಹೇಬರ ಮುಂದ ಇದನ್ನ ಹೇಳು ಅಂದೆ. ಗೋಣು ಹಾಕಿದ್ಲು.

ಕೋರ್ಟಿನ ದಿನ ಅವರಪ್ಪ ಹಾನಗಲ್ ಕಡಿಯಿಂದ ಜಾಮೀನು ನಿಲ್ಲಾಕ ಬಂದಿದ್ದ. ಕರದಾಗ ಈಕಿ ಬರದಿದ್ರ ನಾ ಜವಾಬ್ದಾರ ಅಂತ ಹೊಲ ಇದ್ದಾವ್ರು ಒಬ್ಬರು ನಿಲ್ಲಬೇಕು. ಹೊಲದ ಉತಾರದ ಕಾಗದ ಅಂಗಿ ಒಳಗ ಇಟಗೊಂಡಿದ್ದ. “ಬೀಗರ ಕೂಡ ರಾಜಿ ಆಗೇತಿ. ಇವತ್ತ ಆ ಮನಿಗೆ ಬಿಟ್ಟು ಹೋಗತೇನಿ” ಅಂತ ನನಗ ಹೇಳಿದ.

ಮ್ಯಾಜಿಸ್ಟ್ರೇಟ್ ಸಾಹೇಬರು “ಯಾಕ ಹೊಡದಿಯಮ್ಮಾ?” ಅಂತ ಕೇಳಿದ್ರು. ನೀಲವ್ವ ಸೆರಗು ಇನ್ನಷ್ಟು ಮುಂದಕ ಎಳಕೊಂಡ್ಲು. ನಮ್ಮ ಕಡಿ ಸೊಸಿ ಆದಾಕಿ ಮಾವನ ಎದುರಿಗೆ ಮಾತಾಡಂಗಿಲ್ಲ. ಮಾವ ಮುಂದಿನ ಬೆಂಚಿನ ಮ್ಯಾಲ ಕೈಗೆ ಬಟ್ಟಿ ಸುತಗೊಂಡು ಕುಂತಿದ್ದ. ಎರಡನೇ ಸಲ ಕೇಳಿದ್ರೂ ಗೋಣು ಎತ್ತಲಿಲ್ಲ.

“ಹೇಳೂದು ಏನೂ ಇಲ್ಲ ಅಂತ ಬರಕೋರಿ” ಅಂದ್ರು ಕ್ಲಾರ್ಕಗೆ.

“ಆ ಮುದುಕನ್ನ ಹೊರಗ ಕಳಸ್ರಿ ಸಾಹೇಬ್ರ, ಮಾತಾಡತಾಳ” ಅಂದೆ.

“ಏ, ಬಾಯಿ ಮುಚ್ಚು!” ಅಂತ ಪೊಲೀಸ ತೋಳು ಜಗ್ಗಿದ. ಸಾಹೇಬರು ಆಕಿನ್ನ ನೋಡಿದ್ರು, ಮುದುಕನ್ನ ನೋಡಿದ್ರು. ಅವನ್ನ ಹೊರಗ ಕಳಿಸಿದ್ರು.

ಆಕಿ ಹೇಳಿದ್ಲು. ಸೆರಗು ಸರಸಲಿಲ್ಲ, ದನಿ ಅಷ್ಟ ಏರಿಸಿದ್ಲು. ಮಾವ ಮೈಮ್ಯಾಲ ಬರತಿದ್ದದ್ದು, ಅತ್ತಿ ಮುಂದ ಹೇಳಿದ್ರ ಹೊಡತ ತಿಂದದ್ದು, ಕಡೀಕ ಕುಡಗೋಲು ತಲಿದಿಂಬಿನ ಬುಡಕ ಇಟಗೊಂಡದ್ದು. ಸಾಹೇಬರು ಎಲ್ಲಾ ಬರಸಿದ್ರು. ಜಾಮೀನು ಕೊಟ್ಟೇನಿ ಅಂದ್ರು. “ನಿಲ್ಲಾವ್ರು ಯಾರು?”

ಅವರಪ್ಪನ ಜಾಗಾ ಖಾಲಿ ಇತ್ತು. ಓಡಿದೆ. ಬಸ್‌ಸ್ಟ್ಯಾಂಡಿನ ಹಂತೇಕ ಸಿಕ್ಕ.

“ಎಲ್ಲಿಗೆ ಹೊಂಟೀರಿ ಯಜಮಾನ್ರ? ಒಳಗ ಕರಿಯಾಕತ್ತಾರ.”

“ನಾಕು ಮಂದ್ಯಾಗ ಇಂಥಾ ಮಾತು ಆಡಿದಾಕಿ ನನ್ನ ಮಗಳಲ್ಲ. ಮನ್ಯಾಗ ಇನ್ನೂ ಇಬ್ಬರು ಹೆಣ್ಣಮಕ್ಕಳದಾರ, ಅವರನ್ನ ಯಾರು ಮಾಡಿಕೊಳ್ಳತಾರ? ನೀ ಬಾಯಿ ಬಿಡಿಸಿದಿ, ನೀನ ನಿಲ್ಲು ಜಾಮೀನು.”

ನಿಲ್ಲಾಕ ನನ್ನ ಹೆಸರಿಗೆ ಅಂಗೈ ಅಗಲ ಹೊಲ ಇರಲಿಲ್ಲ. ಅವ ರುಮಾಲಿಲೆ ಕಣ್ಣು ಒರಸಿಕೊಂಡ. ಹಾನಗಲ್ ಬಸ್ಸು ಹತ್ತಿದ.

ಜಾಮೀನು ಸಿಕ್ಕಾಕಿ ಮತ್ತ ಜೈಲಿಗೆ ಬಂದ್ಲು. ಕೇಸು ಮುಗಿಯೂತನಕ ಅಲ್ಲೇ ಇದ್ಲು. ಮುಂದ ಮಾವ ಸಾಕ್ಷಿ ಹೇಳಾಕ ಬರಲಿಲ್ಲ, ಕೇಸು ಬಿದ್ದುಹೋತು. ಬಿಟ್ಟ ದಿನ ಬಾಗಲದಾಗ ನಿಂತು ಕೇಳಿದ್ಲು:

“ನಾ ಸುಮ್ಮನಿದ್ದಿದ್ರ ಅಪ್ಪ ಕರಕೊಂಡು ಹೋಗತಿದ್ನಲ್ಲಕ್ಕಾ?”

“ಹೋಗತಿದ್ದ. ಅದೇ ಮಾವನ ಮನಿಗೆ.”

ನಮ್ಮನಿಗೆ ಬಾ ಅಂದೆ. “ಬ್ಯಾಡಕ್ಕಾ, ನಿಮಗೂ ಮಂದಿ ಮಾತಾಡತಾರ” ಅಂದು ಯಲವಿಗಿ ಟೇಶನ್ ಕಡಿ ನಡದ್ಲು. ಹುಬ್ಬಳ್ಳಿ ಗಾಡಿ ಹತ್ತಿದ್ಲೋ, ಹರಿಹರದ್ದೋ, ಇವತ್ತಿಗೂ ಗೊತ್ತಿಲ್ಲ.

ಆಮ್ಯಾಲೂ ಆ ಕೆಲಸ ಬಾಳ ವರ್ಷ ಮಾಡಿದೆ. ಹೊಸಾಕಿ ಯಾರ ಬಂದ್ರೂ ಏನು ಮಾಡಿ ಬಂದಿ ಅಂತ ಕೇಳೂದು ಬಿಟ್ಟೆ. ಇಲ್ಲಿಂದ ಬಿಟ್ಟ ಮ್ಯಾಲ ಎಲ್ಲಿಗೆ ಹೋಗತಿ ಅಂತ ಕೇಳತಿದ್ದೆ. ಗುನ್ನೆ ಕೇಳದಿದ್ರೂ ಎಲ್ಲಾರೂ ಹೇಳತಿದ್ರು. ಇದಕ್ಕ ಮಾತ್ರ ಸುಮ್ಮನ ಕುಂದರತಿದ್ರು.